ರಜೆಗೆ ಹಳೇಬೀಡು: ಗುಡಿ ಜೊತೆ ಕೆರೆನೂ ನೋಡಿ ಬನ್ನಿ

ರಜೆ ಬಂತು ಅಂದ್ರೆ ಮನೇಲಿ ಒಂದೇ ಪ್ರಶ್ನೆ: ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು? ಹಾಸನ ಜಿಲ್ಲೆ ಅಂದ್ರೆ ಉತ್ತರ ರೆಡಿ ಇರುತ್ತೆ, ಬೇಲೂರು ಹಳೇಬೀಡು. ಎರಡು ಗುಡಿ, ಇನ್ನೂರು ಫೋಟೋ, ವಾಪಸ್. ಇವತ್ತು ಅದೇ ಜಾಗಕ್ಕೆ ಅರಸೀಕೆರೆ ಕಡೆಯಿಂದ, ನೀರಿನ ಜಾಡು ಹಿಡಿದು ಹೋಗೋಣ.

ಮೊದಲು ಊರಿನ ಹೆಸರುಗಳನ್ನ ಕೇಳಿ. ಕಣಕಟ್ಟೆ, ಅರಸೀಕೆರೆ, ದೋರಸಮುದ್ರ. ಒಂದರಲ್ಲಿ ಕಟ್ಟೆ, ಒಂದರಲ್ಲಿ ಕೆರೆ, ಇನ್ನೊಂದರಲ್ಲಿ ಸಮುದ್ರ. ದೋರಸಮುದ್ರ ಅಂದ್ರೆ ಇವತ್ತಿನ ಹಳೇಬೀಡು, ಹೊಯ್ಸಳರ ರಾಜಧಾನಿ. ಅಲ್ಲಿ ಕಡಲು ಎಲ್ಲಿಂದ ಬಂತು? ಆ 'ಸಮುದ್ರ' ಒಂದು ದೊಡ್ಡ ಕೆರೆ. ಅರಸೀಕೆರೆಯ ಕೆರೆಯನ್ನ ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದಳು ಅಂತ ಊರವರು ಹೇಳ್ತಾರೆ. ಮಳೆ ನಂಬೋಕಾಗದ ಬಯಲುಸೀಮೆ ಇದು. ಏರಿ ಹಾಕಿ ನೀರು ನಿಲ್ಲಿಸಿದರೆ ಮಾತ್ರ ಊರು, ಊರಿದ್ದರೆ ಗುಡಿ.

ಅರಸೀಕೆರೆಯಲ್ಲಿ 1220ರ ಈಶ್ವರ ದೇವಸ್ಥಾನ ಇದೆ. ಅದರ ಮುಂದಿನ ತೆರೆದ ಮಂಟಪ ನಕ್ಷತ್ರದ ಆಕಾರದಲ್ಲಿದೆ. ಮಕ್ಕಳಿಗೆ ಮೂಲೆ ಎಣಿಸೋ ಆಟ ಕೊಡಿ. ಅಲ್ಲಿಂದ ಜಾವಗಲ್ ದಾರಿ ಹಿಡೀರಿ. ಹೌದು, ಬೌಲರ್ ಶ್ರೀನಾಥ್ ಹೆಸರಿನ ಮುಂದಿರೋ ಅದೇ ಜಾವಗಲ್. ಅಲ್ಲೂ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಗುಡಿ ಇದೆ.

ಮುಂದೆ ಹಳೇಬೀಡು. ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾಗಿದ್ದು 1121ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಮಾಡಿಸಿದವನು ಅವನ ಅಧಿಕಾರಿ ಕೇತಮಲ್ಲ. ಕಲ್ಲು ಬಳಪದ ಕಲ್ಲು. ಮೆದುವಾದ್ದರಿಂದ ಒಡವೆಯ ಮಣಿಯನ್ನೂ ಬಿಡಿಸಿ ಕೆತ್ತೋಕಾಯ್ತು. ಪಕ್ಕದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ. ಶುಕ್ರವಾರ ರಜೆ, ನೋಡ್ಕೊಂಡು ಹೊರಡಿ.

ಮ್ಯೂಸಿಯಂನಲ್ಲಿ ಮಕ್ಕಳನ್ನ ಒಂದೇ ಪ್ರಶ್ನೆ ಕೇಳಿ: ಈ ಮೂರ್ತಿ ಇದ್ದ ಗುಡಿ ಈಗ ಎಲ್ಲಿದೆ? ಬಹಳಷ್ಟು ಮೂರ್ತಿಗಳಿಗೆ ಉತ್ತರ 'ಇಲ್ಲ' ಅಂತಲೇ. 1311ರಲ್ಲಿ ಮಲಿಕ್ ಕಾಫರ್‌ನ ದಂಡು ಬಂತು, ಆಮೇಲೆ ರಾಜ್ಯವೇ ಹೋಯ್ತು, ರಾಜಧಾನಿ 'ಹಳೇ ಬೀಡು' ಆಯ್ತು. ಮ್ಯೂಸಿಯಂ ಕಲ್ಲನ್ನ ಉಳಿಸಿದೆ, ಆ ಕಲ್ಲಿದ್ದ ಜಾಗವನ್ನ ಉಳಿಸೋಕಾಗಿಲ್ಲ. ಹೊರಗೆ ಬಂದು ಕೆರೆ ನೋಡಿ. ಅರಸರು ಹೋದರೂ ಅದು ಇದ್ದ ಜಾಗದಲ್ಲೇ ಇದೆ. ಹತ್ತಿರದ ಹುಲಿಕೆರೆಯಲ್ಲಿ ಸುತ್ತ ಪುಟ್ಟ ಗುಡಿಗಳಿರೋ ಮೆಟ್ಟಿಲ ಕಲ್ಯಾಣಿಯೂ ಇದೆ. ಚಿಕ್ಕ ಮಕ್ಕಳ ಕೈ ಮಾತ್ರ ಬಿಡಬೇಡಿ.

ಕೆರೆ ತಾನಾಗೇ ಉಳಿಯಲ್ಲ. ಹೂಳು ತುಂಬುತ್ತೆ, ಏರಿ ಬಿರುಕು ಬಿಡುತ್ತೆ, ತೂಬು ಕಟ್ಟಿಕೊಳ್ಳುತ್ತೆ. ಅದು ಹಳಬರಿಗೆ ಗೊತ್ತಿತ್ತು. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡಿದವರಿಗೆ ಜಮೀನು ಬಿಡ್ತಿದ್ರು. ಅದಕ್ಕೆ ಕಟ್ಟುಕೊಡುಗೆ ಅಂತ ಹೆಸರು. ಅಂದ್ರೆ ಕೆರೆ ನೋಡಿಕೊಳ್ಳೋ ಕೆಲಸಕ್ಕೆ ಕೂಲಿ ಇತ್ತು, ಕಲ್ಲಿನ ಮೇಲೆ ಬರೆದ ಮಾತಿತ್ತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ಖುಷಿಯ ವಿಷಯ. ಆದರೆ ನಮ್ಮ ಹಳ್ಳಿಯ ಕೆರೆಗೆ ಅಂಥ ಬೋರ್ಡ್ ಬರಲ್ಲ. ಮಳೆ ಕೈಕೊಟ್ಟ ವರ್ಷ ಅರಸೀಕೆರೆ ಸೀಮೆಯ ತೆಂಗಿನ ಸುಳಿ ಒಣಗುವಾಗ ಎಲ್ಲರೂ ನೋಡೋದು ಅದೇ ಕೆರೆ ಕಡೆಗೆ.

ಅದಕ್ಕೆ ಒಂದು ಹೋಮ್‌ವರ್ಕ್. ಬೇಲೂರಿಂದ ವಾಪಸ್ ಬಂದ ಮೇಲೆ ನಿಮ್ಮೂರ ಕೆರೆ ಏರಿ ಮೇಲೆ ಮಕ್ಕಳ ಜೊತೆ ನಡೀರಿ. ತೂಬು ಎಲ್ಲಿ, ಕೋಡಿ ಎಲ್ಲಿ, ಹುಡುಕಿ. ಅಜ್ಜಿ ತಾತನನ್ನೂ ಕರ್ಕೊಳ್ಳಿ, ಅವರಿಗೆ ಗೊತ್ತಿರುತ್ತೆ. ವೀರಗಲ್ಲು, ಶಾಸನದ ಕಲ್ಲು ಸಿಕ್ಕರೆ ಪೇಂಟ್ ಬಳಿಯಬೇಡಿ, ಫೋಟೋ ತೆಗೀರಿ. ಬಿ.ಎಲ್. ರೈಸ್ 1902ರಲ್ಲೇ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ಪ್ರಕಟಿಸಿದ್ದಾರೆ. ನಿಮ್ಮೂರ ಕಲ್ಲು ಅದರಲ್ಲಿರಬಹುದು. ಸಿಕ್ಕರೆ ಮಕ್ಕಳ ಹತ್ರನೇ ಓದಿಸಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.