ಗರ್ಭಿಣಿಯರು ಕಡಲು ದಾಟಿದ ಕಥೆ

ಮಳವಳ್ಳಿಗೆ ಸಮುದ್ರವಿಲ್ಲ. ಶಿವನಸಮುದ್ರದ ಹೆಸರಿನಲ್ಲಷ್ಟೇ ಅದು ಇದೆ. ಅಲ್ಲಿ ಧುಮುಕುವ ನೀರು ಕಾವೇರಿಯದು. ಆದರೂ ಕಳೆದ ವರ್ಷ ಆ ಊರಿನ ನಮ್ಮ ಬಂಧುಗಳ ಮನೆಯಲ್ಲಿ ಸಮುದ್ರದ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಆರು ತಿಂಗಳ ಬಸುರಿ. ಗಂಡನೊಂದಿಗೆ ಮುಂಬೈಯಿಂದ ವಿಹಾರದ ಹಡಗಿನಲ್ಲಿ ನಾಲ್ಕು ದಿನ ಹೋಗಿಬರುವ ಆಸೆ ಆಕೆಗೆ. ಬಸುರಿಯಾದವಳು ಹೊಳೆಯನ್ನೇ ದಾಟಬಾರದು, ಇನ್ನು ಕಡಲೇ ಎಂದು ಅಜ್ಜಿ ಅಡ್ಡ ಬಂದರು. ಕಡೆಗೆ ಪ್ರಯಾಣವನ್ನು ನಿಲ್ಲಿಸಿದ್ದು ಅಜ್ಜಿಯಲ್ಲ, ಹಡಗಿನ ಕಂಪನಿಯ ನಿಯಮ.

ಹೊಳೆ ದಾಟಬಾರದೆಂಬ ಮಾತು ನಮ್ಮ ಕಡೆ ಹಿಂದೂ ಮನೆಗಳಲ್ಲೂ ಇದೆ, ಮುಸ್ಲಿಮ್ ಮನೆಗಳಲ್ಲೂ ಇದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದೂ ಅದೇ ಮನೆಗಳ ಪದ್ಧತಿ. ತವರು ಹೊಳೆಯ ಆಚೆ ದಡದಲ್ಲಿದ್ದರೆ ಹರಿಗೋಲು ಹತ್ತದೆ ಬೇರೆ ದಾರಿ ಏನಿತ್ತು? ನಂಬಿಕೆ ಒಂದು ಕಡೆ, ಬದುಕು ಒಂದು ಕಡೆ.

ಕಂಪನಿಗಳ ನಿಯಮದ ಹಿಂದೆ ಕಾರಣವಿದೆ. ಜಗತ್ತಿನ ಹೆಚ್ಚಿನ ವಿಹಾರ ಹಡಗುಗಳು ಪ್ರಯಾಣ ಮುಗಿಯುವ ಮೊದಲೇ 24ನೇ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ. ವಿಮಾನದವರು ಸಾಮಾನ್ಯವಾಗಿ 36 ವಾರದವರೆಗೂ ಒಪ್ಪುತ್ತಾರೆ. ವಿಮಾನ ಕೆಲವೇ ಗಂಟೆಗಳಲ್ಲಿ ಆಸ್ಪತ್ರೆಯಿರುವ ಊರಿಗೆ ಇಳಿಯುತ್ತದೆ. ಹಡಗು ಹಾಗಲ್ಲ. 24 ವಾರ ದಾಟಿ ಅಕಾಲದಲ್ಲಿ ಹುಟ್ಟಿದ ಕೂಸು ಉಳಿಯಬಹುದು, ಆದರೆ ಅದಕ್ಕೆ ಬೇಕಾದ ತೀವ್ರ ನಿಗಾ ಘಟಕ ಹಡಗಿನ ದವಾಖಾನೆಯಲ್ಲಿರುವುದಿಲ್ಲ.

ಹಿಂದೆ ಈ ವಾರಗಳ ಲೆಕ್ಕ ಯಾರಿಗಿತ್ತು? 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟ ಮೇಫ್ಲವರ್ ಹಡಗಿನಲ್ಲಿ ಎಲಿಜಬೆತ್ ಹಾಪ್ಕಿನ್ಸ್ ಎಂಬಾಕೆ ನಡುಗಡಲಲ್ಲಿ ಹೆತ್ತರು. ಮಗುವಿಗೆ ಓಶಿಯಾನಸ್ ಎಂದು ಹೆಸರಿಟ್ಟರು. ಆ ಮಗುವಿನ ಹೆಸರು ಅಮೆರಿಕದ ಇತಿಹಾಸದಲ್ಲಿ ಉಳಿದಿದೆ.

ನಮ್ಮ ದೇಶದಿಂದ ಹೋದ ಹಡಗುಗಳ ಕಥೆ ಬೇರೆ. ಗುಲಾಮಗಿರಿ ರದ್ದಾದ ಮೇಲೆ ಬ್ರಿಟಿಷ್ ವಸಾಹತುಗಳ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಜನರನ್ನು ಮದರಾಸು, ಕಲ್ಕತ್ತಾ ಬಂದರುಗಳಿಂದ ಸಾಗಿಸಿದರು. ಮದರಾಸಿನಿಂದ ಹೊರಟ ಟ್ರೂರೊ ಹಡಗು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ತಲುಪಿತು. ಅಲ್ಲಿಂದ 1911ರವರೆಗೆ ನೇಟಾಲಿಗೆ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಆ ಹಡಗುಗಳ ಪಟ್ಟಿಗಳಲ್ಲಿ ಹುಟ್ಟಿದ ಸೀಮೆಯ ಕಾಲಂನಲ್ಲಿ ಮೈಸೂರು ಎಂಬ ಹೆಸರೂ ಸಿಗುತ್ತದೆ. ಮಂಡ್ಯ ಆಗ ಮೈಸೂರಿಗೇ ಸೇರಿತ್ತು. ಆ ಮೈಸೂರಿನವರಲ್ಲಿ ಮಳವಳ್ಳಿಯ ಕಡೆಯವರು ಇದ್ದರೋ ಎಂದು ಯೋಚಿಸದೆ ನಮಗೆ ಆ ಪಟ್ಟಿಗಳನ್ನು ಓದಲಾಗುವುದಿಲ್ಲ.

ತೋಟದವರಿಗೆ ಬೇಕಿದ್ದದ್ದು ಗಂಡಾಳು. ಆದರೆ ಹಲವು ವಸಾಹತುಗಳಿಗೆ ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕೆಂದು ಸರಕಾರ ಕಟ್ಟುಮಾಡಿತ್ತು. ಹೊರಡಲು ಒಪ್ಪುವ ಹೆಂಗಸರು ಸಿಗುವುದೇ ಕಷ್ಟವಾಗಿತ್ತು. ಲೆಕ್ಕ ತುಂಬಬೇಕಾದ ದಲ್ಲಾಳಿಗೆ ವಿಧವೆಯಾದರೇನು, ಗಂಡ ಬಿಟ್ಟವಳಾದರೇನು, ಬಸುರಿಯಾದರೇನು? 1903ರಲ್ಲಿ ಕಲ್ಕತ್ತಾದಿಂದ ಗಯಾನಾಕ್ಕೆ ಹೊರಟ ಕ್ಲೈಡ್ ಹಡಗಿನಲ್ಲಿ ಸುಜಾರಿಯಾ ಎಂಬ ಹೆಂಗಸು ಒಂಟಿಯಾಗಿ ಹತ್ತಿದರು. ಅವರು ಆಗ ಗರ್ಭಿಣಿ. ಪ್ರಯಾಣ ಸುಮಾರು ಮೂರು ತಿಂಗಳು. ಅವರ ಮರಿಮಗಳು, ಪತ್ರಕರ್ತೆ ಗಯೂತ್ರಾ ಬಹಾದುರ್, ಆ ಜಾಡನ್ನು ಹಿಡಿದು 2013ರಲ್ಲಿ ಪುಸ್ತಕ ಬರೆದಿದ್ದಾರೆ. ತನ್ನ ಮುತ್ತಜ್ಜಿ ಏಕೆ ಹೊರಟರು ಎಂಬ ಪ್ರಶ್ನೆಗೆ ಅವರಿಗೂ ಕಡತಗಳಲ್ಲಿ ಉತ್ತರ ಸಿಗಲಿಲ್ಲ. ಕಡತಗಳಲ್ಲಿ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಗುರುತು ಇವೆ. ಹೆಂಗಸಿನ ಮಾತು ಮಾತ್ರ ಇಲ್ಲ.

ಇಂಥ ಹಡಗುಗಳಲ್ಲಿ ಹೆರಿಗೆ ಅಪರೂಪವಾಗಿರಲಿಲ್ಲ. ಒಬ್ಬ ವೈದ್ಯ ಇರುತ್ತಿದ್ದ. ಜೀವಂತವಾಗಿ ದಡ ಸೇರಿಸಿದ ತಲೆಗೆ ಇಷ್ಟು ಎಂದು ಅವನಿಗೆ ಸಂಭಾವನೆ. ಇದರಿಂದ ಅವನು ಹೆಚ್ಚು ಎಚ್ಚರ ವಹಿಸುತ್ತಿದ್ದ ಎನ್ನುವವರಿದ್ದಾರೆ. ಇರಬಹುದು. ಮನುಷ್ಯರನ್ನು ಎಣಿಸುವ ಆ ಬಗೆಯನ್ನು ಮಾತ್ರ ನಾವು ಒಪ್ಪಲಾರೆವು. ಒತ್ತೊತ್ತಾಗಿ ಮಲಗಿದ ಆ ಜನರ ನಡುವೆ ದಡಾರ ಹರಡಿದರೆ ಮೊದಲು ಸಾಯುತ್ತಿದ್ದುದು ಮಕ್ಕಳು.

ಹೆಂಗಸಿನ ಮಾತಿನ ಪ್ರಸ್ತಾಪ ಬಂದಾಗ ನಮಗೆ ಇನ್ನೂ ಹಳೆಯದೊಂದು ಪ್ರಯಾಣ ನೆನಪಾಗುತ್ತದೆ. ಮಕ್ಕಾದ ಹಿಂಸೆ ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಕೆಂಪು ಸಮುದ್ರ ದಾಟಿ ಅಬಿಸೀನಿಯಕ್ಕೆ ಹೋದವರಲ್ಲಿ ಅಸ್ಮಾ ಬಿಂತ್ ಉಮೈಸ್(ರ) ಒಬ್ಬರು. ಮೂವರು ಮಕ್ಕಳನ್ನು ಅವರು ಹೆತ್ತದ್ದು ಆ ಪರದೇಶದಲ್ಲೇ. 628ರಲ್ಲಿ ಹಡಗಿನಲ್ಲಿ ಮರಳಿದಾಗ, ಹಿಜ್ರತ್‌ನಲ್ಲಿ ನಾವೇ ನಿಮಗಿಂತ ಮೊದಲಿಗರು ಎಂದು ಉಮರ್(ರ) ಹೇಳಿದರು. ಅಸ್ಮಾ ಸುಮ್ಮನಿರಲಿಲ್ಲ. ಸಿಟ್ಟಿನಿಂದಲೇ ಪ್ರವಾದಿ(ಸ)ಯವರ ಬಳಿ ಹೋಗಿ ಕೇಳಿದರು. ಅವರಿಗೆ ಒಂದು ಹಿಜ್ರತ್, ಹಡಗಿನವರಾದ ನಿಮಗೆ ಎರಡು ಎಂಬ ಉತ್ತರ ಸಿಕ್ಕಿತು. ನಾಲ್ಕು ವರ್ಷಗಳ ನಂತರ ಅದೇ ಅಸ್ಮಾ ತುಂಬು ಗರ್ಭಿಣಿಯಾಗಿ ಹಜ್‌ಗೆ ಹೊರಟರು. ಮದೀನಾ ಸಮೀಪದ ದುಲ್‌ಹುಲೈಫಾದಲ್ಲಿ ಹೆರಿಗೆಯಾಯಿತು. ಈಗ ನಾನೇನು ಮಾಡಲಿ ಎಂದು ಕೇಳಿ ಕಳಿಸಿದರು. ಸ್ನಾನ ಮಾಡಿ, ಬಟ್ಟೆ ಬಿಗಿದುಕೊಂಡು ಇಹ್ರಾಮ್ ತೊಡಲು ಪ್ರವಾದಿ(ಸ) ತಿಳಿಸಿದರು. ಆಕೆಯನ್ನು ಹಿಂದಕ್ಕೆ ಕಳುಹಿಸಲಿಲ್ಲ.

ನಮ್ಮ ಕಡೆಯ ಹಜ್ ಯಾತ್ರಿಕರೂ ಬಹುಕಾಲ ಹಡಗಿನಲ್ಲೇ ಹೋದವರು. ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಮುಂಬೈ, ಆಮೇಲೆ ಜಿದ್ದಾಕ್ಕೆ ಒಂದು ವಾರದ ಕಡಲಯಾನ. ಹೋಗಿ ಬರುವುದೆಂದರೆ ತಿಂಗಳುಗಳ ಮಾತು. ಎರಡು ತಿಂಗಳ ಬಸುರಿ ಹೊರಟರೆ ಹೊಟ್ಟೆ ಕಾಣುವ ಹೊತ್ತಿಗೆ ಊರು ಸೇರುತ್ತಿದ್ದಳು. 1995ರಲ್ಲಿ ಆ ಹಡಗುಗಳು ನಿಂತವು.

ನಮ್ಮ ಹುಡುಗಿಗೆ ಕಂಪನಿ ಇಲ್ಲವೆಂದಾಗ ಬೇಸರವಾಯಿತು. ಹೆರಿಗೆಯಾದ ಮೇಲೆ ಮಗುವನ್ನೂ ಕರೆದುಕೊಂಡೇ ಹೋಗುತ್ತೇನೆ ಎಂದಳು. ಅದಕ್ಕೂ ನಿಯಮವಿದೆ: ಕೂಸಿಗೆ ಆರು ತಿಂಗಳಾದರೂ ತುಂಬಿರಬೇಕು ಎನ್ನುತ್ತವೆ ಹೆಚ್ಚಿನ ಹಡಗುಗಳು.