ಸಬ್‌ವೂಫರ್ ‘ಗುಂಯ್’ ಎನ್ನುತ್ತಿದೆಯೇ? ಪ್ಲಗ್‌ನ ಮೂರನೇ ಪಿನ್ ಮಾತ್ರ ಕೀಳಬೇಡಿ

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಂಥ ಊರಲ್ಲಿ ಒಂದು ಮನೆಯ ಹಾಲ್ ಊಹಿಸಿಕೊಳ್ಳಿ. ಹೊಸ ಹೋಂ ಥಿಯೇಟರ್ ಬಂದಿದೆ. ಸಿನಿಮಾ ಇನ್ನೂ ಹಾಕಿಲ್ಲ, ಆಗಲೇ ಸಬ್‌ವೂಫರ್‌ನಿಂದ ಒಂದೇ ಸಮನೆ ‘ಗುಂಯ್’ ಎಂಬ ಸದ್ದು. ನೋಡಲು ಬಂದವರೊಬ್ಬರು ಹೇಳುತ್ತಾರೆ: “ಪ್ಲಗ್‌ನ ಮೇಲಿನ ದಪ್ಪ ಪಿನ್ ಕಿತ್ತುಬಿಡಿ, ಸದ್ದು ನಿಲ್ಲುತ್ತೆ.”

ಈ ಸಲಹೆ ನಿಜವೇ? ಕೆಲವೊಮ್ಮೆ ಸದ್ದು ನಿಲ್ಲುವುದು ನಿಜ. ಆದರೆ ಅದರ ಜೊತೆಗೆ ಶಾಕ್‌ನಿಂದ ಮನೆಯವರನ್ನು ಕಾಪಾಡುವ ವ್ಯವಸ್ಥೆಯೂ ಹೋಗುತ್ತದೆ.

ಸದ್ದು ಬರುವುದು ಎಲ್ಲಿಂದ?

ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ಕರೆಂಟ್ ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ, ಅಂದರೆ 50 ಹರ್ಟ್ಸ್. ಸಬ್‌ವೂಫರ್ ಇರುವುದೇ ಸುಮಾರು 20ರಿಂದ 120 ಹರ್ಟ್ಸ್‌ವರೆಗಿನ ತಗ್ಗಿನ ಸದ್ದು ನುಡಿಸಲು. ಹೀಗಾಗಿ ಕರೆಂಟಿನ ಕಂಪನ ಆಡಿಯೋ ಕೇಬಲ್‌ಗೆ ಸ್ವಲ್ಪ ನುಸುಳಿದರೂ ಅದು ದೊಡ್ಡದಾಗಿ ಕೇಳುತ್ತದೆ.

ನುಸುಳುವ ಸಾಮಾನ್ಯ ದಾರಿ ‘ಗ್ರೌಂಡ್ ಲೂಪ್’. ಸಬ್‌ವೂಫರ್ ಒಂದು ಸಾಕೆಟ್‌ನಲ್ಲಿ, ಟಿವಿ ಇನ್ನೊಂದರಲ್ಲಿ, ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಮಾಳಿಗೆ ಮೇಲಿನ ಡಿಶ್‌ನಲ್ಲಿ. ಹೀಗೆ ಬೇರೆ ಬೇರೆ ಕಡೆ ನೆಲಕ್ಕೆ ಸೇರಿದ ಸಾಧನಗಳನ್ನು ಆಡಿಯೋ ಕೇಬಲ್ ಒಂದಕ್ಕೊಂದು ಜೋಡಿಸಿದಾಗ ಅವುಗಳ ನಡುವೆ ಸಣ್ಣ ಕರೆಂಟ್ ಹರಿಯುತ್ತದೆ. ಅದೇ ‘ಗುಂಯ್’.

ಮೂರನೇ ಪಿನ್ ಏಕೆ ಮುಖ್ಯ?

ಆ ಪಿನ್ ಉಳಿದೆರಡಕ್ಕಿಂತ ಉದ್ದ. ಪ್ಲಗ್ ಹಾಕುವಾಗ ಮೊದಲು ಅದೇ ತಗುಲಬೇಕು, ತೆಗೆಯುವಾಗ ಕೊನೆಗೆ ಅದೇ ಬಿಡಬೇಕು. ಒಳಗಿನ ಫೇಸ್ ತಂತಿ ಸಡಿಲಗೊಂಡು ಲೋಹದ ಮೈಗೆ ತಗುಲಿದರೆ, ಕರೆಂಟ್ ಈ ಪಿನ್ ಮೂಲಕ ಭೂಮಿಗೆ ಹೋಗಿ ಫ್ಯೂಸ್ ಅಥವಾ ಎಂಸಿಬಿ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಏನೂ ಬೀಳುವುದಿಲ್ಲ. ಮುಟ್ಟಿದವರ ಮೈಯೇ ಭೂಮಿಗೆ ದಾರಿಯಾಗುತ್ತದೆ. ತಯಾರಕರೇ ಎರಡು ಪಿನ್ ಕೊಟ್ಟು, ಎರಡು ಪದರದ ನಿರೋಧಕ ಹಾಕಿ ಮಾಡಿದ ಸೆಟ್‌ಗಳ ವಿಷಯ ಬೇರೆ. ಮೂರು ಪಿನ್ ಇರುವುದನ್ನು ಎರಡು ಮಾಡಬಾರದು.

ಸಾಕೆಟ್‌ನೊಳಗೆ ಅರ್ಥಿಂಗ್ ತೂತನ್ನು ನ್ಯೂಟ್ರಲ್‌ಗೆ ಸೇರಿಸುವುದೂ ಅಷ್ಟೇ ಅಪಾಯ. ಎಲ್ಲೋ ನ್ಯೂಟ್ರಲ್ ತುಂಡಾದರೆ ಸಾಧನದ ಮೈಯೆಲ್ಲ ಕರೆಂಟ್ ಆಗುತ್ತದೆ.

ಚಿತ್ರದುರ್ಗ ಕಡಿಮೆ ಮಳೆಯ ಜಿಲ್ಲೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದರೆ ಕರೆಂಟ್ ಭೂಮಿಗೆ ಇಳಿಯುವುದು ಕಷ್ಟವಾಗುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಹೊಯ್ಯುವುದು ಅದಕ್ಕೇ. ಸೆಟ್‌ನ ಲೋಹದ ಭಾಗ ಮುಟ್ಟಿದಾಗ ಬೆರಳು ಜುಮ್ ಎಂದರೆ ಬಳಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಹಾಗಾದರೆ ಸದ್ದು ನಿಲ್ಲಿಸುವುದು ಹೇಗೆ?

1. ಸ್ವಿಚ್ ಆಫ್ ಮಾಡಿ, ಸಬ್‌ವೂಫರ್‌ನ ಆಡಿಯೋ ಕೇಬಲ್ ಬಿಚ್ಚಿ, ಮತ್ತೆ ಆನ್ ಮಾಡಿ. ಆಗಲೂ ಸದ್ದಿದ್ದರೆ ದೋಷ ಬಹುಶಃ ಸಬ್‌ವೂಫರ್‌ನ ಒಳಗೇ ಇದೆ, ರಿಪೇರಿಗೆ ಕೊಡಿ. ನಿಂತರೆ ದೋಷ ಕೇಬಲ್‌ನಲ್ಲಿ ಅಥವಾ ಉಳಿದ ಸಾಧನಗಳಲ್ಲಿದೆ.
2. ಕೇಬಲ್ ಮತ್ತೆ ಹಾಕಿ, ಈಗ ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್ ಕೇಬಲ್ ಬಿಚ್ಚಿ ನೋಡಿ. ಸದ್ದು ನಿಂತರೆ ಲೂಪ್ ಅಲ್ಲಿದೆ.
3. ಟಿವಿ, ಸೆಟ್‌ಟಾಪ್ ಬಾಕ್ಸ್, ಹೋಂ ಥಿಯೇಟರ್ ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡ್‌ಗೆ ಹಾಕಿ.
4. ಆಡಿಯೋ ಕೇಬಲ್ ಮತ್ತು ಕರೆಂಟ್ ವೈರ್ ಅಂಟಿಕೊಂಡು ಹೋಗದಂತೆ ದೂರ ಎಳೆಯಿರಿ. ಕೇಬಲ್ ಹಳೆಯದಾದರೆ ಬದಲಿಸಿ.
5. ಆದರೂ ನಿಲ್ಲದಿದ್ದರೆ ಆಡಿಯೋ ಕೇಬಲ್‌ನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಇದು ಲೂಪ್ ಕಡಿಯುತ್ತದೆ, ಅರ್ಥಿಂಗ್ ಉಳಿಸುತ್ತದೆ.

‘ಎಲ್ಲಿಟ್ಟರೂ ಒಂದೇ’ ಎಂಬುದು ಅರ್ಧ ಸತ್ಯ

ತಗ್ಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿ ಗುರುತಿಸುವುದು ಕಷ್ಟ. ಆದರೆ ಇಟ್ಟ ಜಾಗದಿಂದ ಅದರ ಪ್ರಮಾಣ ಬದಲಾಗುತ್ತದೆ. 40 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು 28 ಅಡಿ ಉದ್ದ. ಅದು ಗೋಡೆಗಳ ನಡುವೆ ಓಡಾಡಿ ಒಂದು ಕಡೆ ಜೋರಾಗುತ್ತದೆ, ಇನ್ನೊಂದು ಕಡೆ ಸಪ್ಪೆಯಾಗುತ್ತದೆ. 15 ಅಡಿ ಉದ್ದದ ಹಾಲ್‌ನಲ್ಲಿ ಸುಮಾರು 38 ಹರ್ಟ್ಸ್‌ನ ಸದ್ದು ನಟ್ಟನಡುವೆ ತೀರಾ ಕಡಿಮೆ ಕೇಳುತ್ತದೆ. ಮೂಲೆಯಲ್ಲಿಟ್ಟರೆ ಬಾಸ್ ಜೋರು, ಕೆಲವೊಮ್ಮೆ ಬರೀ ಗದ್ದಲ.

ಸರಿಯಾದ ಜಾಗ ಹುಡುಕಲು ಸುಲಭದ ಉಪಾಯವಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು ಬಾಸ್ ಇರುವ ಹಾಡು ಹಾಕಿ. ಗೋಡೆ ಪಕ್ಕದಲ್ಲೇ ಬಗ್ಗಿ ನಡೆಯುತ್ತಾ ಕೇಳಿ. ಎಲ್ಲಿ ಸದ್ದು ಸ್ಪಷ್ಟವಾಗಿ, ಸಮನಾಗಿ ಕೇಳುತ್ತದೋ ಅಲ್ಲೇ ಅದನ್ನಿಡಿ.

ಬಾಸ್ ಬರುತ್ತಲೇ ಇಲ್ಲವೇ?

ಮೊದಲು ಸೆಟ್ಟಿಂಗ್ ನೋಡಿ. ರಿಸೀವರ್ ಇದ್ದರೆ ಸ್ಪೀಕರ್ ‘ಸ್ಮಾಲ್’, ಸಬ್‌ವೂಫರ್ ‘ಯೆಸ್’, ಕ್ರಾಸ್‌ಓವರ್ 80 ಹರ್ಟ್ಸ್‌ನಿಂದ ಶುರುಮಾಡಿ. ಆಗ ಸಬ್‌ವೂಫರ್ ಹಿಂದಿನ ಕ್ರಾಸ್‌ಓವರ್ ಗುಬಟನ್ನು ಪೂರ್ತಿ ಏರಿಸಿಡಿ. ಇನ್ನೊಬ್ಬರಿಗೆ ಫೇಸ್ ಸ್ವಿಚ್ ಬದಲಿಸಲು ಹೇಳಿ, ನೀವು ಕೂತಲ್ಲಿ ಬಾಸ್ ತುಂಬಿ ಕೇಳುವ ಕಡೆ ಬಿಡಿ. ‘ಟರ್’ ಎನ್ನುವ ಸದ್ದು ಬಂದರೆ ಕಿಟಕಿ ಗಾಜು, ತಗಡು, ಶೋಕೇಸ್‌ನ ಪಾತ್ರೆಗಳನ್ನು ಕೈಯಿಂದ ಒತ್ತಿ ನೋಡಿ. ಎಷ್ಟೋ ಸಲ ನಡುಗುತ್ತಿರುವುದು ಸಬ್‌ವೂಫರ್ ಅಲ್ಲ, ಅವೇ.

ಕೊನೆಯ ಮಾತು: ‘ಪಿನ್ ಕಿತ್ತರೆ ಸದ್ದು ನಿಲ್ಲುತ್ತದೆ’ ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಮನೆಯಲ್ಲಿ ಯಾರಾದರೂ ಈಗಾಗಲೇ ಪಿನ್ ಕಿತ್ತಿದ್ದರೆ ಇವತ್ತೇ ಪ್ಲಗ್ ಬದಲಿಸಿ.