ವತನದ ರೊಟ್ಟಿ

ಸುಖದ ಬದುಕು ಬಿಟ್ಟು ಅರ್ಥದ ಬದುಕು ಹಿಡೀರಿ ಅಂತ ಉಪದೇಶ ಮಾಡೋದು ಹೊಟ್ಟೆ ತುಂಬಿದವರಿಗೆ ಸಲೀಸು. ಕೇರಿಯವರ ಬಾಗಿಲಿಗೆ ಸುಖ ಯಾವತ್ತು ಬಂದಿತ್ತು? ಆದರೂ ಸುಖ ಅಂತ ನಂಬಿಸಿದ್ದು ಒಂದಿತ್ತು. ಅದರ ಹೆಸರು ವತನ.

ಚಿಕ್ಕೋಡಿ, ಅಥಣಿ ಕಡೆಯ ಹಳೇ ಮಂದಿ ಇದನ್ನು ಬಲ್ಲರು. ಹೊಲೆಯ-ಮಹಾರ ಮನೆತನಕ್ಕೆ ಒಂದು ತುಂಡು ಇನಾಂ ಹೊಲ, ಸುಗ್ಗಿಯಲ್ಲಿ ಆಯದ ಕಾಳು, ಸಂಜೆ ಮನೆಮನೆ ಮುಂದೆ ನಿಂತರೆ ತಂಗಳ ರೊಟ್ಟಿ. ಬದಲಿಗೆ ಸರಕಾರಿ ಟಪಾಲು ಹೊರಬೇಕು, ಕಂದಾಯ ಕಟ್ಟದವರನ್ನ ಚಾವಡಿಗೆ ಕರೀಬೇಕು, ಸತ್ತ ದನ ಎಳೀಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು. ಹಗಲಿಲ್ಲ, ರಾತ್ರಿಯಿಲ್ಲ. ಮನೆಯಲ್ಲಿ ಒಬ್ಬ ಇಲ್ಲದಿದ್ದರೆ ಇನ್ನೊಬ್ಬ. 1874ರ ಮುಂಬೈ ವತನ ಕಾಯ್ದೆ ಈ ಚಾಕರಿಗೆ ಕಾನೂನಿನ ಮುದ್ರೆ ಒತ್ತಿತು. ತಲೆಮಾರು ಉರುಳಿದಂತೆ ಹೊಲ ಹರಿದು ಹಂಚಿಹೋಯಿತು. ಚಾಕರಿ ಮಾತ್ರ ಹರಿಯಲಿಲ್ಲ. ಆದರೂ ಜನ ಅದನ್ನು ನಮ್ಮ ಹಕ್ಕು ಅಂದರು. ನಾಳೆಯ ರೊಟ್ಟಿ ಖಾತ್ರಿ ಇತ್ತಲ್ಲ!

ಆಗ ಚಿಕ್ಕೋಡಿ, ಅಥಣಿ ಬ್ರಿಟಿಷರ ಕೈಯಲ್ಲಿದ್ದವು. ಮಗ್ಗುಲ ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಅಲ್ಲಿನ ಶಾಹೂ ಮಹಾರಾಜರು 1918ರಲ್ಲೇ ಮಹಾರ ವತನ ರದ್ದು ಮಾಡಿ ಆ ಭೂಮಿಯನ್ನು ರೈತವಾರಿಗೆ ತಂದರು. ಒಂದು ಗಡಿ ದಾಟಿದರೆ ಚಾಕರಿ, ಇನ್ನೊಂದು ಕಡೆ ಬಿಡುಗಡೆ.

1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತದ ಬಹಿಷ್ಕೃತ ಪರಿಷತ್ತು ಸೇರಿತು. ಅಧ್ಯಕ್ಷತೆ ಡಾ. ಅಂಬೇಡ್ಕರರದು. ವಿಲಾಯತಿಯಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದು ಇನ್ನೂ ಎರಡು ವರ್ಷ. ವಾಸ ಪರೇಲಿನ ಚಾಳಿನಲ್ಲಿ. ಜಿಲ್ಲಾ ನ್ಯಾಯಾಧೀಶರ ಹುದ್ದೆ ಬಂದಿತ್ತು, ಬೇಡವೆಂದೆ ಅಂತ ಮುಂದೆ ಅವರೇ ಹೇಳಿದ್ದಾರೆ. ತಂಗಳು ರೊಟ್ಟಿ ಬಿಡಿ ಎಂದು ಹೇಳುವ ಅಧಿಕಾರ ಅವರಿಗೆ ಬಂದದ್ದು ಡಿಗ್ರಿಗಳಿಂದಲ್ಲ, ತಮ್ಮ ಪಾಲಿನ ಬಿಸಿ ರೊಟ್ಟಿ ಬಿಟ್ಟದ್ದರಿಂದ.

1928ರ ಮಾರ್ಚಿನಲ್ಲಿ ಅವರು ಮುಂಬೈ ಕೌನ್ಸಿಲಿನಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಪೂರ್ತಿ ಕಂದಾಯ ಕಟ್ಟಿ, ಹೊಲ ಇಟ್ಟುಕೊಂಡು, ಚಾಕರಿಯಿಂದ ಬಿಡುಗಡೆ ಪಡೆಯಲು ದಾರಿ ಕೇಳಿದರು. ವತನ ನಮ್ಮವರ ಸ್ವಾಭಿಮಾನವನ್ನೂ ಮೇಲೇಳುವ ಆಸೆಯನ್ನೂ ಕೊಂದಿದೆ ಎಂಬುದು ಅವರ ವಾದ. ಮಸೂದೆ ಗೆಲ್ಲಲಿಲ್ಲ. 1929ರಲ್ಲಿ ಹಿಂದೆ ಪಡೆಯಬೇಕಾಯಿತು.

ಕಾನೂನು ಸೋತರೂ ಕೆಲಸ ನಿಲ್ಲಲಿಲ್ಲ. ವತನ ಬಿಟ್ಟವನ ಮಗ ಹೋಗುವುದೆಲ್ಲಿ? ಸಾಲೆಗೆ. ಅದಕ್ಕೆ ಧಾರವಾಡದಲ್ಲಿ ಹಾಸ್ಟೆಲು. ಅದನ್ನು ನೋಡಿಕೊಂಡವರು ನಿಪ್ಪಾಣಿಯ ಬಲವಂತರಾವ್ ವರಾಳೆ. 1937ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಉತ್ತರಕ್ಕೆ ಶಾಸಕರಾದರು. ಬಾಬಾಸಾಹೇಬರು ಕರೆದಾಗ ಊರು ಬಿಟ್ಟು ಔರಂಗಾಬಾದಿಗೆ, ಅವರ ಶಿಕ್ಷಣ ಸಂಸ್ಥೆಯ ಕೆಲಸಕ್ಕೆ ಹೋದರು. ಆ ಮನೆಯ ಮೊಮ್ಮಗ ಪ್ರಸನ್ನ ವರಾಳೆ 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, 2024ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಇದು ಅದೃಷ್ಟವಲ್ಲ, ಹಿಂದಿನವರು ಬಿಟ್ಟುಕೊಟ್ಟ ಸುಖದ ಫಲ.

ನಮ್ಮ ಕಡೆ ವತನ ಕಾಗದದ ಮೇಲೆ ಸತ್ತದ್ದು 1961ರ ಕಾಯ್ದೆಯಿಂದ, ಅದೂ 1963ರ ಫೆಬ್ರುವರಿ 1ರಿಂದ. ಹೊಟ್ಟೆಯೊಳಗಿನ ವತನ ಕಾಯ್ದೆಗೆ ಸಾಯುವುದಿಲ್ಲ. 1980ರ ಸುಮಾರಿಗೆ ನಿಪ್ಪಾಣಿಯ ತಂಬಾಕು ವಖಾರಿಗಳ ಹೆಣ್ಣುಮಕ್ಕಳು ಅದನ್ನೂ ಕೊಂದು ತೋರಿಸಿದರು. ಧಣಿ ಕೊಟ್ಟಷ್ಟು ತಗೊಂಡು, ಬೈಗುಳ ನುಂಗಿ, ದಿನಗೂಲಿ ಉಳಿಸಿಕೊಳ್ಳಬಹುದಿತ್ತು. ಅವರು ಸಂಘ ಕಟ್ಟಿದರು, ಕೂಲಿ ಬಿಟ್ಟು ಬೀದಿಗೆ ಬಂದರು.

ಸಂಗಾತಿಗಳೇ, ನಮ್ಮಲ್ಲಿ ಓದಿದವರಿಗೆ ಈಗ ನೌಕರಿ ಇದೆ. ಅದು ಹಕ್ಕು, ಬಿಡಬೇಕಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಸಿಗುವ ಕುರ್ಚಿ, ಸನ್ಮಾನ, ನಿಗಮದ ಸ್ಥಾನ ಇವು ಏನು? ಸುಮ್ಮನಿದ್ದುದಕ್ಕೆ ಸಿಗುವ ರೊಟ್ಟಿ ಎಷ್ಟೇ ಬಿಸಿಯಿರಲಿ, ಅದೂ ವತನದ ರೊಟ್ಟಿಯೇ.